ನ್ಯೂ ಲ್ಯಾನಾರ್ಕ್: ಒಂದು ಗಿರಣಿ ಊರಿನ ಚರಿತ್ರೆ



ಕೈಗಾರಿಕಾ ಕ್ರಾಂತಿ ಎಂಬ ಮಾತು ನಿಮಗೆ ಹೊಸದೇನೂ ಅಲ್ಲ. ಪಠ್ಯಪುಸ್ತಕದಲ್ಲಿ ಅದಕ್ಕೊಂದು ಅಧ್ಯಾಯವಿದೆ. ಅದರ ಕಾರಣಗಳನ್ನೂ ಪರಿಣಾಮಗಳನ್ನೂ ವಿವರಿಸಿರಿ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರುತ್ತದೆ. ಹಾರ್ಗ್ರೀವ್ಸ್, ಆರ್ಕ್‌ರೈಟ್, ಕ್ರಾಂಪ್ಟನ್, ಜೇಮ್ಸ್ ವಾಟ್ ಎಂಬ ಹೆಸರುಗಳನ್ನು ನೀವು ಬಾಯಿಪಾಠ ಮಾಡಿರುತ್ತೀರಿ. ಆದರೆ ಆ ಯಂತ್ರಗಳ ಮುಂದೆ ದಿನವಿಡೀ ನಿಂತು ದುಡಿದವರು ಯಾರು? ಅವರು ಎಲ್ಲಿ ಮಲಗುತ್ತಿದ್ದರು? ಅಂಗಡಿಯಲ್ಲಿ ಅವರಿಗೆ ಒಳ್ಳೆಯ ಹಿಟ್ಟು ಸಿಗುತ್ತಿತ್ತೇ? ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದರೇ? ಇಂಥ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ದೇಶದ ಚರಿತ್ರೆಯಿಂದ ಒಂದು ಊರಿನ ಚರಿತ್ರೆಗೆ ಇಳಿಯಬೇಕಾಗುತ್ತದೆ.

ಅಂಥ ಒಂದು ಊರನ್ನು ಈಗ ಪರಿಚಯ ಮಾಡಿಕೊಳ್ಳೋಣ. ಅದರ ಹೆಸರು ನ್ಯೂ ಲ್ಯಾನಾರ್ಕ್. ಸ್ಕಾಟ್ಲೆಂಡಿನ ದೊಡ್ಡ ನಗರವಾದ ಗ್ಲಾಸ್ಗೋದಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಕ್ಲೈಡ್ ನದಿಯ ದಂಡೆಯ ಮೇಲೆ ಅದು ಇದೆ. ಉಚ್ಛ್ರಾಯದ ಕಾಲದಲ್ಲಿಯೂ ಅಲ್ಲಿ ಇದ್ದವರು ಎರಡೂವರೆ ಸಾವಿರದಷ್ಟು ಜನ ಮಾತ್ರ. ನಮ್ಮ ಲೆಕ್ಕದಲ್ಲಿ ಅದೊಂದು ಹಳ್ಳಿ. ಹಾಗಿದ್ದರೂ ಒಂದು ಕಾಲದಲ್ಲಿ ಯೂರೋಪಿನ ರಾಜಕುಮಾರರು, ಮಂತ್ರಿಗಳು, ಪಂಡಿತರು ಆ ಹಳ್ಳಿಯನ್ನು ನೋಡಲು ಸಾಲುಗಟ್ಟಿ ಬರುತ್ತಿದ್ದರು. ಏಕೆ ಬರುತ್ತಿದ್ದರು, ಅವರು ಕಂಡದ್ದೇನು, ಅವರ ಕಣ್ಣಿಗೆ ಬೀಳದೆ ಉಳಿದದ್ದೇನು ಎಂಬುದೇ ಈ ಲೇಖನದ ವಿಷಯ. ಓದುವಾಗ ಒಂದು ಭೂಪಟವನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ನೀರು ಕಟ್ಟಿದ ಊರು

ಊರುಗಳು ಹುಟ್ಟಲು ಬೇರೆ ಬೇರೆ ಕಾರಣಗಳಿರುತ್ತವೆ. ಕೆಲವು ಕೋಟೆಯ ಸುತ್ತ, ಕೆಲವು ದೇವಸ್ಥಾನದ ಸುತ್ತ, ಕೆಲವು ಸಂತೆ ಸೇರುವ ಜಾಗದಲ್ಲಿ ಬೆಳೆಯುತ್ತವೆ. ನ್ಯೂ ಲ್ಯಾನಾರ್ಕ್ ಹುಟ್ಟಿದ್ದು ನೀರು ಧುಮುಕುವ ಜಾಗದಲ್ಲಿ. ಕ್ಲೈಡ್ ನದಿ ಅಲ್ಲಿ ಕಡಿದಾದ ಕಣಿವೆಯೊಂದನ್ನು ಹೊಕ್ಕು ಒಂದಾದ ಮೇಲೊಂದರಂತೆ ಹಲವು ಜಲಪಾತಗಳಾಗಿ ಇಳಿಯುತ್ತದೆ. ಅವುಗಳಲ್ಲಿ ದೊಡ್ಡದಾದ ಕೋರಾ ಲಿನ್ ಸುಮಾರು 26 ಮೀಟರ್ ಎತ್ತರದಿಂದ ಬೀಳುತ್ತದೆ. ಕವಿಗಳಿಗೂ ಚಿತ್ರಕಾರರಿಗೂ ಅದು ರಮಣೀಯ ದೃಶ್ಯ. ಗಿರಣಿ ಹಾಕುವವನಿಗೆ ಖರ್ಚಿಲ್ಲದ ಶಕ್ತಿ.

ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಕೈಗಾರಿಕಾ ಕ್ರಾಂತಿ ಎಂದೊಡನೆ ನಮಗೆ ಕಲ್ಲಿದ್ದಲು, ಹೊಗೆ, ಉಗಿಯಂತ್ರಗಳು ನೆನಪಾಗುತ್ತವೆ. ಆದರೆ ಮೊದಲ ತಲೆಮಾರಿನ ನೂಲಿನ ಗಿರಣಿಗಳನ್ನು ಬಹುಮಟ್ಟಿಗೆ ನಡೆಸಿದ್ದು ನೀರು. ರಿಚರ್ಡ್ ಆರ್ಕ್‌ರೈಟ್ 1769ರಲ್ಲಿ ಹಕ್ಕುಪತ್ರ ಪಡೆದ ನೂಲುವ ಯಂತ್ರಕ್ಕೆ 'ವಾಟರ್ ಫ್ರೇಮ್' ಎಂಬ ಹೆಸರು ಬಂದದ್ದೇ ಅದು ನೀರಿನ ಚಕ್ರದಿಂದ ತಿರುಗುತ್ತಿದ್ದ ಕಾರಣ. ನೀರಿನ ಶಕ್ತಿಯನ್ನು ಆಗ ಬೇರೆ ಕಡೆಗೆ ಸಾಗಿಸಲು ಬರುತ್ತಿರಲಿಲ್ಲ. ಆದ್ದರಿಂದ ನೀರಿದ್ದಲ್ಲಿಗೆ ಗಿರಣಿ ಹೋಗಬೇಕಾಯಿತು. ಗಿರಣಿ ಇದ್ದಲ್ಲಿಗೆ ಜನರನ್ನು ಕರೆತರಬೇಕಾಯಿತು. ಕರೆತಂದ ಜನರಿಗೆ ಮನೆ ಕಟ್ಟಿಸಿಕೊಡಬೇಕಾಯಿತು. ಗಿರಣಿಯ ಒಡೆಯ ಊರಿನ ಒಡೆಯನೂ ಆದದ್ದು ಈ ಕಾರಣದಿಂದಲೇ. ಮುಂದೆ ಹೇಳಲಿರುವ ಒಳ್ಳೆಯದು ಕೆಟ್ಟದ್ದೆಲ್ಲ ಈ ಒಂದು ಸಂಗತಿಯಿಂದ ಹೊರಡುತ್ತವೆ.

ನಿಮ್ಮಲ್ಲಿ ಬೆಳಗಾವಿ ಜಿಲ್ಲೆಯವರು ಘಟಪ್ರಭೆಯ ಗೋಕಾಕ ಜಲಪಾತವನ್ನು ನೋಡಿರುತ್ತೀರಿ. ಅದರ ಪಕ್ಕದಲ್ಲಿಯೇ 1880ರ ದಶಕದಲ್ಲಿ ನೂಲಿನ ಗಿರಣಿ ತಲೆಯೆತ್ತಿದ್ದೂ ಇದೇ ತರ್ಕದಿಂದ. ಒಂದು ನೂರು ವರ್ಷದ ಅಂತರದಲ್ಲಿ, ಏಳೆಂಟು ಸಾವಿರ ಕಿಲೋಮೀಟರ್ ದೂರದ ಎರಡು ಕಣಿವೆಗಳಲ್ಲಿ, ನೀರು ಒಂದೇ ರೀತಿಯ ಊರನ್ನು ಕಟ್ಟಿತು.

ಡೇವಿಡ್ ಡೇಲ್ ಮತ್ತು ಅನಾಥ ಮಕ್ಕಳು

ನ್ಯೂ ಲ್ಯಾನಾರ್ಕನ್ನು ಸ್ಥಾಪಿಸಿದವನು ಡೇವಿಡ್ ಡೇಲ್. 1739ರಲ್ಲಿ ಹುಟ್ಟಿದ ಈತ ಬಾಲ್ಯದಲ್ಲಿ ದನ ಕಾಯ್ದವನು, ನೇಯ್ಗೆ ಕಲಿತವನು. ಮುಂದೆ ಗ್ಲಾಸ್ಗೋದಲ್ಲಿ ನೂಲಿನ ವ್ಯಾಪಾರಿಯಾಗಿ, ಬ್ಯಾಂಕಿನ ಏಜೆಂಟನಾಗಿ ಶ್ರೀಮಂತನಾದ. ಆರ್ಕ್‌ರೈಟನನ್ನು ಕರೆದುಕೊಂಡು ಹೋಗಿ ಜಲಪಾತಗಳನ್ನು ತೋರಿಸಿದ. ಇಬ್ಬರೂ ಪಾಲುದಾರರಾದರು. 1785ರಲ್ಲಿ ಕಟ್ಟಡದ ಕೆಲಸ ಆರಂಭವಾಯಿತು. ಬಂಡೆಯಲ್ಲಿ ಸುರಂಗ ಕೊರೆದು ನದಿಯ ನೀರನ್ನು ಕಾಲುವೆಯ ಮೂಲಕ ಗಿರಣಿಯ ಚಕ್ರಗಳಿಗೆ ತಂದರು. 1786ರಲ್ಲಿ ನೂಲುವ ಕೆಲಸ ಶುರುವಾಯಿತು. ಆರ್ಕ್‌ರೈಟನ ಪಾಲುದಾರಿಕೆ ಬೇಗನೆ ಮುಗಿದು ಡೇಲ್ ಒಬ್ಬನೇ ಒಡೆಯನಾದ. 1788ರಲ್ಲಿ ಮೊದಲ ಗಿರಣಿ ಬೆಂಕಿಗೆ ಆಹುತಿಯಾದರೂ ಅದನ್ನು ಮತ್ತೆ ಕಟ್ಟಿಸಿದ. 1793ರ ವೇಳೆಗೆ ನದಿಯುದ್ದಕ್ಕೂ ನಾಲ್ಕು ಗಿರಣಿಗಳು ನಿಂತಿದ್ದವು.

ಗಿರಣಿಯೇನೋ ಸಿದ್ಧವಾಯಿತು, ಆಳುಗಳು ಎಲ್ಲಿಂದ ಬರಬೇಕು? ಹೊಲದಲ್ಲಿ ಸೂರ್ಯನನ್ನು ನೋಡಿಕೊಂಡು ಕೆಲಸ ಮಾಡಿದ ರೈತನಿಗೆ ಗಂಟೆಯ ಸದ್ದಿಗೆ ಎದ್ದು ನಾಲ್ಕು ಗೋಡೆಗಳ ಒಳಗೆ ದುಡಿಯುವುದು ಒಗ್ಗುವ ಮಾತಾಗಿರಲಿಲ್ಲ. ಬಂದವರು ಬೇರೆ ದಾರಿ ಕಾಣದವರು. ಸ್ಕಾಟ್ಲೆಂಡಿನ ಉತ್ತರದ ಮಲೆನಾಡಿನಲ್ಲಿ ಜಮೀನ್ದಾರರು ಗೇಣಿದಾರರನ್ನು ಎಬ್ಬಿಸಿ ಕುರಿ ಸಾಕಣೆಗೆ ಭೂಮಿಯನ್ನು ಬಿಟ್ಟುಕೊಳ್ಳುತ್ತಿದ್ದ ಕಾಲ ಅದು. 1791ರಲ್ಲಿ ಸ್ಕೈ ದ್ವೀಪದಿಂದ ಅಮೆರಿಕಕ್ಕೆ ವಲಸೆ ಹೊರಟ ಜನರ ಹಡಗೊಂದು ಬಿರುಗಾಳಿಗೆ ಸಿಕ್ಕಿ ಗ್ರೀನಾಕ್ ಬಂದರಿಗೆ ಹಿಂತಿರುಗಿತು. ದಿಕ್ಕು ಕಾಣದೆ ನಿಂತ ಅವರಿಗೆ ಡೇಲ್ ಕೆಲಸ ಮತ್ತು ಮನೆ ಕೊಡುವುದಾಗಿ ಹೇಳಿದ. ಅವರಲ್ಲಿ ಅನೇಕರು ನ್ಯೂ ಲ್ಯಾನಾರ್ಕಿಗೆ ಬಂದರು. ಉತ್ತರದ ಕೇತ್‌ನೆಸ್ ಪ್ರಾಂತದ ಹೆಸರನ್ನು ಹೊತ್ತ ಮನೆಗಳ ಸಾಲೊಂದು ಆ ಊರಿನಲ್ಲಿ ಈಗಲೂ ಇದೆ.

ಎರಡನೆಯ ಗುಂಪು ಮಕ್ಕಳದು. ಎಡಿನ್‌ಬರೋ ಮತ್ತು ಗ್ಲಾಸ್ಗೋಗಳ ಅನಾಥಾಲಯಗಳಿಂದ, ಬಡವರ ಆಶ್ರಮಗಳಿಂದ ಮಕ್ಕಳನ್ನು ತರಿಸಲಾಯಿತು. ಅವರ ಸಂಖ್ಯೆ ಒಂದು ಹಂತದಲ್ಲಿ 500ರಷ್ಟಿತ್ತು. 1793ರ ವೇಳೆಗೆ ಗಿರಣಿಗಳಲ್ಲಿದ್ದ ಸಾವಿರಕ್ಕೂ ಹೆಚ್ಚು ಕೆಲಸಗಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಕ್ಕಳೇ. ಕಡಿದ ಎಳೆಯನ್ನು ಜೋಡಿಸುವುದು, ಯಂತ್ರದ ಅಡಿಗೆ ಉದುರಿದ ಅರಳೆಯನ್ನು ಗುಡಿಸುವುದು ಮುಂತಾದ ಕೆಲಸಗಳಿಗೆ ಸಣ್ಣ ಕೈ, ಸಣ್ಣ ಮೈ ಅನುಕೂಲವೆಂದು ಗಿರಣಿಯವರ ಎಣಿಕೆ. ಮಕ್ಕಳ ಕೂಲಿ ಅಗ್ಗವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನಾಲ್ಕನೆಯ ಗಿರಣಿಯ ಕಟ್ಟಡದಲ್ಲಿಯೇ ಅವರ ಮಲಗುವ ಕೋಣೆಗಳಿದ್ದವು. ಒಂದೊಂದು ಹಾಸಿಗೆಯಲ್ಲಿ ಮೂವರು. ಬೆಳಿಗ್ಗೆ ಆರಕ್ಕೆ ಕೆಲಸ ಆರಂಭ, ಸಂಜೆ ಏಳಕ್ಕೆ ಮುಕ್ತಾಯ. ನಡುವೆ ತಿಂಡಿಗೆ ಅರ್ಧ ಗಂಟೆ, ಊಟಕ್ಕೆ ಒಂದು ಗಂಟೆ. ಅನಂತರ ಒಂಬತ್ತರವರೆಗೆ ಪಾಠ.

ಇಷ್ಟನ್ನು ಓದಿ ನೀವು ಡೇಲನನ್ನು ಕಟುಕನೆಂದು ತೀರ್ಮಾನಿಸಬಹುದು. ಆದರೆ ಅವನ ಕಾಲದ ಜನ ಅವನನ್ನು ದಯಾಳುವೆಂದು ಕೊಂಡಾಡಿದರು. ಬೇರೆ ಗಿರಣಿಗಳಿಗೆ ಹೋಲಿಸಿದರೆ ಅವನ ಮಕ್ಕಳಿಗೆ ಊಟ ಚೆನ್ನಾಗಿತ್ತು, ಬಟ್ಟೆ ಶುಭ್ರವಾಗಿತ್ತು, ಕೋಣೆಗಳನ್ನು ತೊಳೆದು ಗಾಳಿಯಾಡಲು ಬಿಡುತ್ತಿದ್ದರು. ಬೇರೆ ಅನೇಕ ಗಿರಣಿಗಳಲ್ಲಿ ಪಾಠವೆಂಬುದೇ ಇರಲಿಲ್ಲ. ಒಂದು ಕಾಲದ ದಯೆಯ ಅಳತೆಗೋಲು ಮುಂದಿನ ಕಾಲಕ್ಕೆ ಎಷ್ಟು ಗಿಡ್ಡವಾಗಿ ಕಾಣುತ್ತದೆ ಎಂಬುದಕ್ಕೆ ಇದೊಂದು ಪಾಠ. ಹನ್ನೊಂದೂವರೆ ಗಂಟೆ ದುಡಿದ ಹತ್ತು ವರ್ಷದ ಮಗು ರಾತ್ರಿ ಎಂಟು ಗಂಟೆಗೆ ಎಷ್ಟು ಕಲಿತೀತು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ರಾಬರ್ಟ್ ಓವೆನ್ ಬರುತ್ತಾನೆ

ರಾಬರ್ಟ್ ಓವೆನ್ 1771ರಲ್ಲಿ ವೇಲ್ಸಿನ ನ್ಯೂಟೌನಿನಲ್ಲಿ ಹುಟ್ಟಿದವನು. ತಂದೆ ಕುದುರೆಯ ಜೀನು ಮಾಡುವ, ಕಬ್ಬಿಣದ ಸಾಮಾನು ಮಾರುವ ಕಸುಬಿನವರು. ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟು ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿದ ಹುಡುಗ, ಇಪ್ಪತ್ತರ ಹರೆಯದಲ್ಲೇ ಮ್ಯಾಂಚೆಸ್ಟರಿನಲ್ಲಿ 500 ಜನ ದುಡಿಯುವ ಗಿರಣಿಯ ಮ್ಯಾನೇಜರ್ ಆದ. 1799ರಲ್ಲಿ ಅವನೂ ಅವನ ಪಾಲುದಾರರೂ 60,000 ಪೌಂಡಿಗೆ ನ್ಯೂ ಲ್ಯಾನಾರ್ಕನ್ನು ಕೊಂಡರು. ಅದೇ ವರ್ಷ ಅವನು ಡೇಲನ ಮಗಳು ಕ್ಯಾರೊಲಿನಳನ್ನು ಮದುವೆಯಾದ. 1800ನೆಯ ಜನವರಿ ಒಂದರಿಂದ ಆ ಊರು ಅವನ ಕೈಗೆ ಬಂದಿತು.

ಓವೆನ್ ನಂಬಿದ್ದ ತತ್ತ್ವ ಸರಳವಾದದ್ದು. ಮನುಷ್ಯನ ನಡತೆಯನ್ನು ಅವನ ಪರಿಸರ ರೂಪಿಸುತ್ತದೆ. ಒಬ್ಬನು ಕುಡುಕನೋ ಕಳ್ಳನೋ ಆದರೆ ಅವನನ್ನು ಶಿಕ್ಷಿಸಿ ಫಲವಿಲ್ಲ, ಅವನನ್ನು ಹಾಗೆ ಮಾಡಿದ ಪರಿಸ್ಥಿತಿಯನ್ನು ತಿದ್ದಬೇಕು. ಇಂದು ಇದು ನಮಗೆ ಸಹಜವಾಗಿ ಕೇಳಿಸುತ್ತದೆ. ಬಡತನಕ್ಕೆ ಬಡವನ ಸೋಮಾರಿತನವೇ ಕಾರಣವೆಂದು ಉಪದೇಶಿಸುತ್ತಿದ್ದ ಕಾಲದಲ್ಲಿ ಅದು ಧೈರ್ಯದ ಮಾತು. ಅವನು 1813ರಿಂದ ಪ್ರಕಟಿಸಿದ 'ಎ ನ್ಯೂ ವ್ಯೂ ಆಫ್ ಸೊಸೈಟಿ' ಎಂಬ ಪ್ರಬಂಧಗಳಲ್ಲಿ ಈ ವಾದವಿದೆ. ನ್ಯೂ ಲ್ಯಾನಾರ್ಕ್ ಈ ವಾದಕ್ಕೆ ಅವನ ಪ್ರಯೋಗಶಾಲೆಯಾಯಿತು.

ಅವನು ಮಾಡಿದ್ದೇನೆಂದು ಒಂದೊಂದಾಗಿ ನೋಡಿ. ಅನಾಥಾಲಯದಿಂದ ಮಕ್ಕಳನ್ನು ತರಿಸುವುದನ್ನು ನಿಲ್ಲಿಸಿದ. ಹತ್ತು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಅನೇಕ ಗಿರಣಿಗಳಲ್ಲಿ 13, 14 ಗಂಟೆಗಳ ದುಡಿಮೆ ನಡೆಯುತ್ತಿದ್ದಾಗ, 1816ರ ವೇಳೆಗೆ ಊಟದ ಬಿಡುವನ್ನು ಬಿಟ್ಟು ಹತ್ತೂಮುಕ್ಕಾಲು ಗಂಟೆಗೆ ಇಳಿಸಿದ. ಊರಿನ ಅಂಗಡಿಯಲ್ಲಿ ಸಾಮಾನುಗಳನ್ನು ಸಗಟಾಗಿ ಕೊಂಡು ಅಸಲಿಗಿಂತ ಸ್ವಲ್ಪವೇ ಹೆಚ್ಚು ಬೆಲೆಗೆ ಮಾರಿಸಿದ. ಉಳಿದ ಲಾಭವನ್ನು ಶಾಲೆಗೆ ಕೊಟ್ಟ. ಬೇರೆ ಗಿರಣಿ ಊರುಗಳಲ್ಲಿ ಒಡೆಯನ ಅಂಗಡಿ ಎಂದರೆ ಕೆಟ್ಟ ಸಾಮಾನಿಗೆ ದುಬಾರಿ ಬೆಲೆ ತೆತ್ತು ಸಾಲದಲ್ಲಿ ಸಿಕ್ಕಿಬೀಳುವ ಜಾಗವಾಗಿತ್ತು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಕೂಲಿಯ ಅರವತ್ತನೆಯ ಒಂದು ಪಾಲನ್ನು ಮುರಿದುಕೊಂಡು ಕಾಯಿಲೆಯ ನಿಧಿ ನಡೆಸುತ್ತಿದ್ದರು.

ಕೆಲಸಗಾರರು ಅವನನ್ನು ಮೊದಲು ನಂಬಲಿಲ್ಲ. ಹೊರಗಿನಿಂದ ಬಂದವನು, ಮಾತಿನ ಧಾಟಿಯೇ ಬೇರೆ; ಹೊಸ ಯಜಮಾನನ ಸುಧಾರಣೆ ಎಂದರೆ ಹೆಚ್ಚು ದುಡಿಸುವ ಉಪಾಯವಿರಬೇಕೆಂದು ಅನುಮಾನಪಟ್ಟರು. ಆ ಅನುಮಾನ ಕರಗಿದ್ದು ಒಂದು ಸಂಕಟದಲ್ಲಿ. ಅಮೆರಿಕ ಮತ್ತು ಬ್ರಿಟನ್ನಿನ ನಡುವೆ ವಿರಸ ಬಂದು 1807ರ ಸುಮಾರಿಗೆ ಅಮೆರಿಕ ಹತ್ತಿಯ ರಫ್ತನ್ನು ತಡೆಯಿತು. ಬೆಲೆ ಏರಿತು, ಗಿರಣಿಗಳು ಮುಚ್ಚಿದವು, ಕೆಲಸಗಾರರು ಬೀದಿಪಾಲಾದರು. ನ್ಯೂ ಲ್ಯಾನಾರ್ಕಿನ ಯಂತ್ರಗಳೂ ನಾಲ್ಕು ತಿಂಗಳು ನಿಂತವು. ಓವೆನ್ ಆತ್ಮಕಥೆಯಲ್ಲಿ ಹೇಳಿಕೊಂಡಿರುವ ಪ್ರಕಾರ ಆ ನಾಲ್ಕೂ ತಿಂಗಳು ಅವನು ಪೂರ್ತಿ ಕೂಲಿ ಕೊಟ್ಟ. ಅದಕ್ಕೆ 7,000 ಪೌಂಡಿಗೂ ಹೆಚ್ಚು ಖರ್ಚಾಯಿತು. ಯಂತ್ರಗಳನ್ನು ಒರೆಸಿ ಸುಸ್ಥಿತಿಯಲ್ಲಿ ಇಡುವುದಷ್ಟೇ ಜನರ ಕೆಲಸವಾಗಿತ್ತು. ಅಂದಿನಿಂದ ಊರು ಅವನ ಮಾತನ್ನು ಕೇಳಿತು.

ನಡತೆಯನ್ನು ರೂಪಿಸುವ ಶಾಲೆ

1816ರ ಜನವರಿ ಒಂದರಂದು ಊರಿನ ಮಧ್ಯದಲ್ಲಿ ಒಂದು ಹೊಸ ಕಟ್ಟಡ ತೆರೆಯಿತು. ಅದಕ್ಕೆ ಓವೆನ್ ಇಟ್ಟ ಹೆಸರು 'ನಡತೆಯನ್ನು ರೂಪಿಸುವ ಸಂಸ್ಥೆ'. ನಡೆಯಲು ಕಲಿತ ಕೂಸುಗಳಿಂದ ಹಿಡಿದು ದುಡಿದು ಬಂದ ದೊಡ್ಡವರವರೆಗೆ ಎಲ್ಲರಿಗೂ ಅಲ್ಲಿ ಜಾಗವಿತ್ತು: ಹಗಲು ಮಕ್ಕಳ ಶಾಲೆ, ಸಂಜೆ ಕೆಲಸಗಾರರಿಗೆ ಪಾಠ, ಉಪನ್ಯಾಸ, ಸಂಗೀತ, ನೃತ್ಯ.

ಅಲ್ಲಿಯ ಶಿಶುಶಾಲೆ ಬ್ರಿಟನ್ನಿನಲ್ಲಿ ಅಂಥದ್ದರಲ್ಲಿ ಮೊದಲನೆಯದೆಂದು ಹೆಸರಾಯಿತು. ಅದಕ್ಕೆ ಓವೆನ್ ಆರಿಸಿದ ಗುರುಗಳು ಜೇಮ್ಸ್ ಬುಕಾನನ್ ಎಂಬ ನೇಯ್ಗೆಯವನು ಮತ್ತು ಮೋಲಿ ಯಂಗ್ ಎಂಬ ಹದಿನೇಳು ವರ್ಷದ ಹುಡುಗಿ. ಇಬ್ಬರಿಗೂ ಹೆಚ್ಚಿನ ವಿದ್ಯೆ ಇರಲಿಲ್ಲ. ಮಕ್ಕಳ ಮೇಲೆ ಪ್ರೀತಿ ಮತ್ತು ತಾಳ್ಮೆ ಇತ್ತು. ಅದೇ ಮುಖ್ಯವೆಂದು ಓವೆನ್ ಭಾವಿಸಿದ. ಮಕ್ಕಳನ್ನು ಹೊಡೆಯಕೂಡದು, ಬೈಯಕೂಡದು ಎಂಬುದು ಅವನು ಅವರಿಗೆ ಕೊಟ್ಟ ಮೊದಲ ಆಜ್ಞೆ. ಪುಸ್ತಕಗಳಿಂದ ಎಳೆಯ ಮಕ್ಕಳನ್ನು ಪೀಡಿಸಬಾರದು. ಸುತ್ತಲಿನ ವಸ್ತುಗಳನ್ನು ತೋರಿಸಿ, ಅವರೇ ಪ್ರಶ್ನೆ ಕೇಳುವಂತೆ ಮಾಡಿ ಕಲಿಸಬೇಕು. ಗೋಡೆಗಳ ಮೇಲೆ ಪ್ರಾಣಿಗಳ ಚಿತ್ರಗಳು, ದೊಡ್ಡ ಭೂಪಟಗಳು ತೂಗುತ್ತಿದ್ದವು. ಬೆತ್ತವಿಲ್ಲದ ಶಾಲೆಯನ್ನು ಕಲ್ಪಿಸಿಕೊಳ್ಳಲಾಗದ ಆ ಕಾಲದಲ್ಲಿ ಗಿರಣಿ ಕೂಲಿಗಾರರ ಮಕ್ಕಳು ಭೂಗೋಳ ಕಲಿಯುತ್ತಿದ್ದರು, ಹಾಡುತ್ತಿದ್ದರು, ಕುಣಿಯುತ್ತಿದ್ದರು.

ಇದನ್ನು ನೋಡಲೆಂದೇ ಜನ ಬಂದರು. 1815ರಿಂದ 1825ರವರೆಗಿನ ಹತ್ತು ವರ್ಷಗಳಲ್ಲಿ ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆದವರ ಸಂಖ್ಯೆ ಇಪ್ಪತ್ತು ಸಾವಿರದ ಸಮೀಪ. ಮುಂದೆ ರಷ್ಯಾದ ಚಕ್ರವರ್ತಿಯಾದ ನಿಕೊಲಸ್ 1816ರಲ್ಲಿ ಬಂದವರಲ್ಲಿ ಒಬ್ಬ.

ನಾಲ್ಕು ಬಣ್ಣದ ಮರದ ತುಂಡು

ಇಷ್ಟೇ ಹೇಳಿ ನಿಲ್ಲಿಸಿದರೆ ನೀವು ಒಂದು ಸ್ತೋತ್ರವನ್ನು ಓದಿದಂತಾಗುತ್ತದೆ, ಚರಿತ್ರೆಯನ್ನು ಓದಿದಂತಾಗುವುದಿಲ್ಲ. ಆದ್ದರಿಂದ ಗಿರಣಿಯ ಒಳಗೆ ಹೋಗೋಣ.

ಪ್ರತಿಯೊಬ್ಬ ಕೆಲಸಗಾರನ ಹತ್ತಿರ ನಾಲ್ಕು ಮುಖದ ಒಂದು ಪುಟ್ಟ ಮರದ ತುಂಡು ತೂಗುತ್ತಿತ್ತು. ಮುಖಗಳಿಗೆ ಕಪ್ಪು, ನೀಲಿ, ಹಳದಿ, ಬಿಳಿ ಎಂದು ನಾಲ್ಕು ಬಣ್ಣ. ಹಿಂದಿನ ದಿನದ ನಡತೆ ಕೆಟ್ಟದಾಗಿದ್ದರೆ ಕಪ್ಪು ಮುಖ ಮುಂದೆ, ಅತ್ಯುತ್ತಮವಾಗಿದ್ದರೆ ಬಿಳಿ. ಇದನ್ನು ಓವೆನ್ 'ಮೌನ ಮೇಲ್ವಿಚಾರಕ' ಎಂದು ಕರೆದ. ಬೈಗುಳವಿಲ್ಲ, ಏಟಿಲ್ಲ, ದಂಡವಿಲ್ಲ. ಅವನು ಗಿರಣಿಯಲ್ಲಿ ನಡೆದು ಹೋಗುವಾಗ ಬಣ್ಣವನ್ನು ನೋಡುತ್ತಿದ್ದ, ಅನಂತರ ಮುಖವನ್ನು ನೋಡುತ್ತಿದ್ದ, ಅಷ್ಟೇ. ದಿನದಿನದ ಬಣ್ಣವನ್ನು ನಡತೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ತನಗೆ ಅನ್ಯಾಯವಾಯಿತೆಂದು ತೋರಿದವನು ನೇರವಾಗಿ ಓವೆನ್ನನಿಗೆ ದೂರು ಹೇಳಬಹುದಿತ್ತು.

ಮನೆಗಳೂ ಈ ಕಣ್ಣಿಗೆ ಹೊರತಾಗಿರಲಿಲ್ಲ. ಬಹುಪಾಲು ಸಂಸಾರಗಳು ಒಂದೇ ಕೋಣೆಯಲ್ಲಿ ವಾಸಿಸುತ್ತಿದ್ದವು. ಅವು ಶುಚಿಯಾಗಿವೆಯೇ ಎಂದು ತಪಾಸಣೆ ಮಾಡಲು ಒಂದು ಸಮಿತಿ ಬರುತ್ತಿತ್ತು. ಊರಿನ ಹೆಂಗಸರು ಆ ಸಮಿತಿಯವರಿಗೆ 'ತಿಗಣೆ ಬೇಟೆಗಾರರು' ಎಂದು ಅಡ್ಡಹೆಸರು ಇಟ್ಟರು. ಅವರು ಬರೆದಿಟ್ಟ ಪುಸ್ತಕಗಳಿಲ್ಲ. ಆದರೆ ಈ ಒಂದು ಅಡ್ಡಹೆಸರಿನಲ್ಲಿ ಅವರ ಅಭಿಪ್ರಾಯ ಸ್ಪಷ್ಟವಾಗಿ ಕೇಳುತ್ತದೆ.

ಬಂದು ನೋಡಿದವರೆಲ್ಲ ಮಾರುಹೋದರೆಂದೂ ಹೇಳುವಂತಿಲ್ಲ. 1819ರಲ್ಲಿ ಭೇಟಿ ಕೊಟ್ಟ ಇಂಗ್ಲಿಷ್ ಕವಿ ರಾಬರ್ಟ್ ಸದಿ ಊರಿನ ಅಚ್ಚುಕಟ್ಟನ್ನು ಮೆಚ್ಚಿಕೊಂಡ. ಆದರೆ ಇದಕ್ಕೂ ಗುಲಾಮರು ದುಡಿಯುವ ತೋಟಕ್ಕೂ ಇರುವ ಅಂತರ, ಇಲ್ಲಿಯವರು ಬಿಳಿಯರು, ಬೇಕೆಂದರೆ ಬಿಟ್ಟುಹೋಗಬಲ್ಲರು ಎಂಬುದಷ್ಟೇ ಎಂಬ ಅರ್ಥದ ಮಾತನ್ನು ತನ್ನ ಪ್ರವಾಸದ ದಿನಚರಿಯಲ್ಲಿ ಬರೆದ. ಇಡೀ ಊರಿಗಾಗಿ ಯೋಚನೆ ಮಾಡುವವನು ಒಬ್ಬನೇ, ಉಳಿದವರೆಲ್ಲ ಅದರಂತೆ ನಡೆಯುವವರು ಎಂಬುದು ಅವನ ಕಣ್ಣಿಗೆ ಬಿದ್ದಿತ್ತು. ಇದು ಪೂರ್ತಿ ನ್ಯಾಯವಾದ ಮಾತೆಂದು ನೀವು ಒಪ್ಪಬೇಕಾಗಿಲ್ಲ. ಬಿಟ್ಟುಹೋಗುವ ಸ್ವಾತಂತ್ರ್ಯ ಚಿಕ್ಕದೇನಲ್ಲ. ಅದನ್ನು ಕಳೆದುಕೊಂಡವರಿಗೇ ಅದರ ಬೆಲೆ ಗೊತ್ತು. ಆದರೂ ಸದಿ ಎತ್ತಿದ ಪ್ರಶ್ನೆ ಉಳಿಯುತ್ತದೆ: ಮೇಲಿನಿಂದ ಕೊಟ್ಟ ಒಳಿತು, ಕೊಟ್ಟವನು ಹೋದ ಮೇಲೆ ನಿಲ್ಲುತ್ತದೆಯೇ?

ಹತ್ತಿ ಎಲ್ಲಿಂದ ಬಂತು?

ಸದಿಯ ಹೋಲಿಕೆಯಲ್ಲಿ ಅವನು ಹೇಳದೆ ಬಿಟ್ಟ ಇನ್ನೊಂದು ಸತ್ಯವಿದೆ. ನ್ಯೂ ಲ್ಯಾನಾರ್ಕಿನಲ್ಲಿ ಒಂದು ಹತ್ತಿ ಗಿಡವೂ ಬೆಳೆಯುತ್ತಿರಲಿಲ್ಲ. ಮೊದಲು ವೆಸ್ಟ್ ಇಂಡೀಸ್ ದ್ವೀಪಗಳಿಂದ, ಅನಂತರ ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಅರಳೆ ಹಡಗಿನಲ್ಲಿ ಬರುತ್ತಿತ್ತು. ಅದನ್ನು ಬೆಳೆದು ಬಿಡಿಸಿದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. ವಿಚಿತ್ರವೆಂದರೆ, ಇದೇ ಡೇವಿಡ್ ಡೇಲ್ ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದು 1791ರಲ್ಲಿ ಗ್ಲಾಸ್ಗೋದಲ್ಲಿ ಸ್ಥಾಪನೆಯಾದ ಸಂಘದ ಅಧ್ಯಕ್ಷನಾಗಿದ್ದ. ಬಾಯಲ್ಲಿ ಗುಲಾಮಗಿರಿಯ ಖಂಡನೆ, ಗೋದಾಮಿನಲ್ಲಿ ಗುಲಾಮರು ಬಿಡಿಸಿದ ಹತ್ತಿ. ಅವನು ಕಪಟಿಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಒಬ್ಬ ಸಜ್ಜನನೂ ಕೂಡ ತಾನು ಒಪ್ಪದ ವ್ಯವಸ್ಥೆಯ ಲಾಭವನ್ನು ಹೇಗೆ ಉಣ್ಣುತ್ತಾನೆ ಎಂಬುದನ್ನು ಇಲ್ಲಿ ನಾವು ಕಲಿಯಬಹುದು. ಬ್ರಿಟನ್ ಗುಲಾಮರ ವ್ಯಾಪಾರವನ್ನು 1807ರಲ್ಲಿ ನಿಷೇಧಿಸಿತು. ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1865ರಲ್ಲಿ. ಓವೆನ್ನನ ಕಾಲದುದ್ದಕ್ಕೂ ನ್ಯೂ ಲ್ಯಾನಾರ್ಕಿನ ಶಾಲೆಯ ಖರ್ಚು ಇಂಥ ಹತ್ತಿಯ ಲಾಭದಿಂದಲೇ ಹುಟ್ಟುತ್ತಿತ್ತು.

ಇನ್ನೊಂದು ಕಡೆಗೂ ಕಣ್ಣು ಹಾಯಿಸಿ. ಓವೆನ್ ಆ ಊರಿಗೆ ಬಂದ 1800ನೆಯ ವರ್ಷದಲ್ಲಿಯೇ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮದರಾಸಿನಿಂದ ಹೊರಟು ಮೈಸೂರು ಸೀಮೆಯಲ್ಲಿ ಸಂಚರಿಸುತ್ತಿದ್ದ. ಬೆಂಗಳೂರಿನ ನೇಕಾರರ ಬಗೆಗೆ, ಅವರು ನೇಯುವ ಬಟ್ಟೆಗಳ ಬಗೆಗೆ ಅವನು ವಿವರವಾಗಿ ಬರೆದಿದ್ದಾನೆ. ಹಳ್ಳಿಗಳಲ್ಲಿ ಹೆಂಗಸರು ಮನೆಯಲ್ಲಿ ನೂತು ಸಂತೆಗೆ ತಂದ ನೂಲನ್ನು ನೇಕಾರರು ಕೊಳ್ಳುತ್ತಿದ್ದ ಕಾಲ ಅದು. ಮುಂದಿನ ಕೆಲವು ದಶಕಗಳಲ್ಲಿ ಬ್ರಿಟನ್ನಿನ ಗಿರಣಿ ನೂಲು ಅಗ್ಗದ ಬೆಲೆಗೆ ಭಾರತದ ಸಂತೆಗಳಿಗೆ ಬಂದಾಗ ಮೊದಲು ಕೆಲಸ ಕಳೆದುಕೊಂಡವರು ಈ ನೂಲುವ ಹೆಂಗಸರು. ಗಿರಣಿ ಊರಿನ ಚರಿತ್ರೆ ಅದರ ಗಡಿಯೊಳಗೆ ಮುಗಿಯುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಒಡೆಯ ಹೋದ ಮೇಲೆ

ಓವೆನ್ನನ ಪಾಲುದಾರರಿಗೆ ಅವನ ಖರ್ಚುಗಳು ಹಿಡಿಸಲಿಲ್ಲ. 1813ರ ಕೊನೆಯಲ್ಲಿ ಗಿರಣಿ ಹರಾಜಿಗೆ ಬಂದಾಗ ಅವನು ಹೊಸ ಪಾಲುದಾರರನ್ನು ಕೂಡಿಸಿಕೊಂಡು 1,14,100 ಪೌಂಡಿಗೆ ಅದನ್ನು ಕೊಂಡ. ಅವರಲ್ಲಿ ದಾರ್ಶನಿಕ ಜೆರೆಮಿ ಬೆಂಥಮ್, ಕ್ವೇಕರ್ ಪಂಥದ ವಿಲಿಯಂ ಆ್ಯಲನ್ ಇದ್ದರು. ಬಂಡವಾಳಕ್ಕೆ ನೂರಕ್ಕೆ ಐದರಷ್ಟು ಲಾಭ ಸಾಕು, ಉಳಿದದ್ದು ಊರಿನ ಸುಧಾರಣೆಗೆ ಎಂದು ಒಪ್ಪಂದವಾಯಿತು. ಆದರೆ ಮಕ್ಕಳ ಹಾಡು, ಕುಣಿತ, ಧಾರ್ಮಿಕ ಶಿಕ್ಷಣದ ಕೊರತೆ ಇವುಗಳ ಬಗೆಗೆ ಆ್ಯಲನ್ನನಿಗೆ ಅಸಮಾಧಾನ ಬೆಳೆಯಿತು. 1824ರಲ್ಲಿ ಶಾಲೆಯ ಪದ್ಧತಿಯನ್ನು ಬದಲಿಸಿದರು. ಓವೆನ್ ಆಡಳಿತವನ್ನು ಬಿಟ್ಟು ಅಮೆರಿಕಕ್ಕೆ ಹೋಗಿ 1825ರಲ್ಲಿ ನ್ಯೂ ಹಾರ್ಮನಿ ಎಂಬ ಸಮಾನರ ವಸಾಹತನ್ನು ಆರಂಭಿಸಿದ. ಅದು ಎರಡು ಮೂರು ವರ್ಷಗಳಲ್ಲಿಯೇ ಒಡೆದುಹೋಯಿತು. 1858ರಲ್ಲಿ ಅವನು ಹುಟ್ಟೂರಿನಲ್ಲಿ ತೀರಿಕೊಂಡ.

ಹಾಗಾದರೆ ಉಳಿದದ್ದೇನು? ಕಾನೂನಾಗಿ ಸ್ವಲ್ಪ ಉಳಿಯಿತು. ಓವೆನ್ 1815ರಿಂದ ಹೋರಾಡಿದ್ದರ ಫಲವಾಗಿ 1819ರಲ್ಲಿ ಬ್ರಿಟನ್ನಿನ ಹತ್ತಿ ಗಿರಣಿಗಳಿಗೆ ಒಂದು ಕಾಯಿದೆ ಬಂದಿತು. ಒಂಬತ್ತು ವರ್ಷದೊಳಗಿನ ಮಕ್ಕಳ ದುಡಿಮೆಗೆ ನಿಷೇಧ, ಹದಿನಾರು ವರ್ಷದೊಳಗಿನವರಿಗೆ ಹನ್ನೆರಡು ಗಂಟೆಯ ಮಿತಿ. ಓವೆನ್ ಕೇಳಿದ್ದಕ್ಕಿಂತ ಅದು ಬಹಳ ಕಡಿಮೆ. ಸರಿಯಾದ ತಪಾಸಣೆಯ ಏರ್ಪಾಡೂ ಇರಲಿಲ್ಲ. ಅದಕ್ಕೆ 1833ರ ಕಾಯಿದೆಯವರೆಗೆ ಕಾಯಬೇಕಾಯಿತು. ಭಾರತದಲ್ಲಿ ಮೊದಲ ಕಾರ್ಖಾನೆ ಕಾಯಿದೆ ಬಂದದ್ದು 1881ರಲ್ಲಿ. ಅದು ಏಳು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಮಾತ್ರ ತಡೆಯಿತು.

ಹೆಚ್ಚು ಗಟ್ಟಿಯಾಗಿ ಉಳಿದದ್ದು ಅಂಗಡಿಯ ನೆನಪು. ಓವೆನ್ನನ ವಿಚಾರಗಳಿಂದ ಪ್ರೇರಣೆ ಪಡೆದವರೂ ಸೇರಿದ್ದ 28 ಜನರ ಗುಂಪೊಂದು 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ತಮ್ಮದೇ ಅಂಗಡಿಯನ್ನು ತೆರೆಯಿತು. ಅಲ್ಲಿ ಒಡೆಯನೆಂಬವನಿರಲಿಲ್ಲ, ಸದಸ್ಯರೇ ಒಡೆಯರು, ಒಬ್ಬರಿಗೆ ಒಂದೇ ಮತ. ಸಹಕಾರ ಚಳವಳಿಯ ಬೀಜ ಅದು. ಅರುವತ್ತು ವರ್ಷಗಳ ನಂತರ ಭಾರತದಲ್ಲಿ 1904ರ ಸಹಕಾರ ಕಾಯಿದೆ ಬಂದಿತು. ಅದರಡಿಯಲ್ಲಿ 1905ರಲ್ಲಿ ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸ್ಥಾಪನೆಯಾದ ಕೃಷಿ ಸಹಕಾರ ಸಂಘ ದೇಶದಲ್ಲಿಯೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಮೇಲೆ ಎತ್ತಿದ ಪ್ರಶ್ನೆಗೆ ಇಲ್ಲಿ ಒಂದು ಉತ್ತರ ಸಿಗುತ್ತದೆ. ಓವೆನ್ ತಾನೇ ಕೊಟ್ಟು ನಡೆಸಿದ್ದು ಅವನ ಜತೆಯಲ್ಲಿ ಬಹುಪಾಲು ಸೊರಗಿತು. ಜನರು ತಮ್ಮ ಕೈಗೆ ತೆಗೆದುಕೊಂಡದ್ದು ಬೇರೂರಿತು.

ಊರು ಮಾತ್ರ ನೂಲುತ್ತಲೇ ಇತ್ತು. ವಾಕರ್ ಮನೆತನದವರ ಕೈಯಲ್ಲಿದ್ದು, 1881ರಲ್ಲಿ ಮತ್ತೆ ಕೈ ಬದಲಾಯಿತು. ಮೀನಿನ ಬಲೆ, ಡೇರೆಯ ಬಟ್ಟೆ ತಯಾರಾದವು. 1898ರಲ್ಲಿ ಅದೇ ನದಿಯ ನೀರಿನಿಂದ ವಿದ್ಯುತ್ ಹುಟ್ಟಿಸಿ ಮನೆಗಳಿಗೆ ದೀಪ ಕೊಟ್ಟರು. 1968ರಲ್ಲಿ ಗಿರಣಿಗಳು ಮುಚ್ಚಿದವು. ಗಿರಣಿಗಾಗಿಯೇ ಹುಟ್ಟಿದ ಊರಿನಲ್ಲಿ ಗಿರಣಿ ನಿಂತರೆ ಏನಾಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ: ಜನ ಬಿಟ್ಟುಹೋದರು, ಕಟ್ಟಡಗಳು ಕುಸಿಯತೊಡಗಿದವು. 1970ರ ದಶಕದಲ್ಲಿ ಒಂದು ವಿಶ್ವಸ್ತ ಮಂಡಳಿ ಜೀರ್ಣೋದ್ಧಾರವನ್ನು ಕೈಗೆತ್ತಿಕೊಂಡಿತು. ಒಂದು ಗಿರಣಿ ಹೋಟೆಲಾಯಿತು, ಶಾಲೆ ವಸ್ತುಸಂಗ್ರಹಾಲಯವಾಯಿತು, ಹಳೆಯ ಸಾಲುಮನೆಗಳಲ್ಲಿ ಮತ್ತೆ ಜನ ನೆಲೆಸಿದರು. 2001ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಅರಮನೆಗಳೂ ದೇವಾಲಯಗಳೂ ತುಂಬಿದ ಆ ಪಟ್ಟಿಯಲ್ಲಿ ಕೂಲಿಗಾರರ ಒಂದೊಂದು ಕೋಣೆಯ ಮನೆಗಳಿಗೂ ಜಾಗ ಸಿಕ್ಕಿತು.

ನೀವು ಮಾಡಬಹುದಾದ ಕೆಲಸ

ಕರ್ನಾಟಕದಲ್ಲಿಯೂ ಗಿರಣಿ ಊರುಗಳಿವೆ, ಗಿರಣಿ ಓಣಿಗಳಿವೆ. ಗೋಕಾಕದ ಹೆಸರನ್ನು ಆಗಲೇ ಹೇಳಿದೆ. ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಹತ್ತಿ ಗಿರಣಿಯ ಕೂಗು ಕೇಳಿ ಗಡಿಯಾರ ಹೊಂದಿಸಿಕೊಂಡ ತಲೆಮಾರು ಇದೆ. ಆ ಊರುಗಳ ಚರಿತ್ರೆಯನ್ನು ಬರೆಯಲು ಓವೆನ್ನನಂಥ ಪ್ರಸಿದ್ಧನೊಬ್ಬ ಅಲ್ಲಿ ಇದ್ದಿರಬೇಕಾಗಿಲ್ಲ.

ಮುಂದಿನ ರಜೆಯಲ್ಲಿ ಒಂದು ಪುಸ್ತಕ, ಒಂದು ಪೆನ್ನು ಹಿಡಿದು ನಿಮ್ಮ ಊರಿನ ಹಿರಿಯರ ಹತ್ತಿರ ಕೂತುಕೊಳ್ಳಿ. ಗಿರಣಿ ಏಕೆ ಇಲ್ಲಿಯೇ ಬಂತು? ಮೊದಲು ಯಾವ ಹಳ್ಳಿಗಳಿಂದ ಜನ ಬಂದರು? ಹೆಂಗಸರು ಯಾವ ವಿಭಾಗದಲ್ಲಿ ದುಡಿಯುತ್ತಿದ್ದರು, ಅವರ ಕೂಸುಗಳನ್ನು ಯಾರು ನೋಡಿಕೊಳ್ಳುತ್ತಿದ್ದರು? ಗಿರಣಿ ನಿಂತ ತಿಂಗಳು ಒಲೆ ಹೇಗೆ ಹೊತ್ತಿತು? ಮೇಲಿನವರಿಗೆ ಇಟ್ಟ ಅಡ್ಡಹೆಸರುಗಳೇನು? ಕೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ, ತಾರೀಖು ಹಾಕಿ. ನ್ಯೂ ಲ್ಯಾನಾರ್ಕಿನ ಒಡೆಯನ ಮಾತುಗಳು ಸಂಪುಟಗಟ್ಟಲೆ ಉಳಿದಿವೆ. ಕೂಲಿಗಾರರ ಮಾತುಗಳು ಬೆರಳೆಣಿಕೆಯಷ್ಟು. ನಿಮ್ಮ ಊರಿನ ಮಟ್ಟಿಗಾದರೂ ಆ ಲೆಕ್ಕವನ್ನು ತಿದ್ದಲು ಇನ್ನೂ ಕಾಲವಿದೆ, ಏಕೆಂದರೆ ಹೇಳಬಲ್ಲವರು ಇನ್ನೂ ಇದ್ದಾರೆ.